ಪೆಡಲ್ ತುಳಿಯುವ ಮುನ್ನ



ಹೊಸೂರು ಸೀಮೆಯ ನಮ್ಮಂಥ ಧರ್ಮಕೇಂದ್ರಗಳಲ್ಲಿ ಭಾನುವಾರ ಎಂದರೆ ಭಾಷೆಗಳ ಸರದಿ. ತಮಿಳು ಪೂಜೆ, ಇಂಗ್ಲಿಷ್ ಪೂಜೆ, ಇವುಗಳ ನಡುವೆ ಸಿಕ್ಕ ಹೊತ್ತಿನಲ್ಲಿ ನಮ್ಮ ಕನ್ನಡ ಪೂಜೆ. ಅದಕ್ಕೆ ಬರುವವರಲ್ಲಿ ಹೆಚ್ಚಿನವರು ಹಿರಿಯರು. ಯುವಜನರು ಸ್ನೇಹಿತರ ಜೊತೆ ಬೇರೆ ಪೂಜೆಗೆ ಹೋಗುತ್ತಾರೆ. ಅವರನ್ನು ಕನ್ನಡ ಗಾನವೃಂದಕ್ಕೆ ಹೇಗಾದರೂ ಕರೆತರಬೇಕು ಎಂದು ಯುವಜನ ಸಂಘದ ನಾವು ಕಳೆದ ವರ್ಷ ಎಲೆಕ್ಟ್ರಿಕ್ ಗಿಟಾರ್ ಸೇರಿಸಿಕೊಂಡೆವು. ಕ್ರಿಸ್ತಜಯಂತಿಯ ಕ್ಯಾರಲ್ ಹಾಡಿ ಬಂದ ಹಣದಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಎಫೆಕ್ಟ್ ಪೆಡಲ್‌ಗಳನ್ನೂ ಬೆಂಗಳೂರಿನಿಂದ ತಂದೆವು. ಒಂದು ಓವರ್‌ಡ್ರೈವ್, ಇನ್ನೊಂದು ಡಿಲೇ.

ಮೊದಲ ಭಾನುವಾರ ಪರಮಪ್ರಸಾದದ ಗೀತೆಗೆ ಎರಡೂ ಪೆಡಲ್‌ಗಳನ್ನು ಹಾಕಿದೆವು. ದೇವಾಲಯವೇ ತುಂಬಿ ಹೋದಂತಿತ್ತು. ನಮಗೆ ನಮ್ಮ ಮೇಲೇ ಹೆಮ್ಮೆ. ಪೂಜೆ ಮುಗಿದು ಹೊರಗೆ ಬಂದಾಗ, ಇಷ್ಟು ವರ್ಷ ನಮಗೆಲ್ಲ ಹಾಡು ಹೇಳಿಕೊಟ್ಟ ಅಜ್ಜಿಯೊಬ್ಬರು ಬಾಗಿಲ ಹತ್ತಿರ ನಿಂತಿದ್ದರು. "ಹೇಗಿತ್ತು ಅಜ್ಜಿ?" ಎಂದು ಕೇಳಿದೆವು. ಅವರು ನಕ್ಕು, "ಚೆನ್ನಾಗಿತ್ತು ಮಗಾ, ಸಿನಿಮಾ ನೋಡ್ದಂಗಿತ್ತು. ನಾವೂ ಹಾಡ್ಬೇಕೋ, ಬರೀ ಕೇಳ್ಬೇಕೋ, ಅದೇ ತಿಳೀಲಿಲ್ಲ" ಎಂದರು.

ಅವರು ಬೈಯಲಿಲ್ಲ, ದೂರು ಹೇಳಲಿಲ್ಲ. ಆದರೂ ಆ ಮಾತು ನಮ್ಮನ್ನು ಬಿಡಲಿಲ್ಲ. ಮುಂದಿನ ಶನಿವಾರ ಅಭ್ಯಾಸಕ್ಕೆ ಕೂತಾಗ ಹಾಡಿಗಿಂತ ಚರ್ಚೆಯೇ ಹೆಚ್ಚಾಯಿತು. ಪೂಜೆಯಲ್ಲಿ ಪೆಡಲ್ ಬಳಸುವುದು ಸರಿಯೇ? ಅದರಿಂದ ಬರುವ ಭಕ್ತಿ ನಿಜವಾದ ಭಕ್ತಿಯೇ, ಯಂತ್ರ ಹುಟ್ಟಿಸಿದ ರೋಮಾಂಚನವೇ? ಈ ಪ್ರಶ್ನೆಗಳನ್ನು ನಾವು ಹೇಗೆ ಯೋಚಿಸಿದೆವು ಎಂಬುದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಪೆಡಲ್ ಮಾಡುವ ಕೆಲಸವಾದರೂ ಏನು ಎಂಬುದನ್ನು ಮೊದಲು ನೋಡೋಣ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಇರುತ್ತದೆ. ಎಂದರೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಗಿಟಾರಿನ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರ ಅಲುಗಾಡಿ, ಸುರುಳಿಯಲ್ಲಿ ಪುಟ್ಟ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮವೇ ಇದು; ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಆ ವಿದ್ಯುತ್ತು ಆಂಪ್ಲಿಫೈಯರ್‌ಗೆ ಹೋಗುವ ದಾರಿಯಲ್ಲಿ ನೆಲದ ಮೇಲೆ ಕೂತಿರುವ ಪೆಟ್ಟಿಗೆಯೇ ಪೆಡಲ್. ಕೈಗಳು ಗಿಟಾರಿನಲ್ಲಿ ಇರುವುದರಿಂದ ಕಾಲಿನಿಂದ ಒತ್ತುತ್ತೇವೆ.

ಓವರ್‌ಡ್ರೈವ್ ಪೆಡಲ್ ಆ ವಿದ್ಯುತ್ ಅಲೆಯನ್ನು ಹಿಗ್ಗಿಸಿ, ಅದರ ತಲೆ ಮತ್ತು ಬುಡವನ್ನು ಕತ್ತರಿಸುತ್ತದೆ. ದುಂಡಗಿದ್ದ ಅಲೆ ಚಪ್ಪಟೆಯಾದಾಗ ಮೂಲದಲ್ಲಿ ಇಲ್ಲದ ಹೊಸ ಮೇಲುಸ್ವರಗಳು ಸೇರಿಕೊಳ್ಳುತ್ತವೆ. ಧ್ವನಿ ಗರಗರ ಎನ್ನುತ್ತದೆ. ಡಿಲೇ ಪೆಡಲ್ ನುಡಿಸಿದ ಸ್ವರವನ್ನು ನೆನಪಿಟ್ಟುಕೊಂಡು ಸ್ವಲ್ಪ ಹೊತ್ತಿನ ನಂತರ ಮತ್ತೆ ಹೇಳುತ್ತದೆ. ಅದನ್ನು 350 ಮಿಲಿಸೆಕೆಂಡಿಗೆ ಇಟ್ಟೆವು ಎಂದುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಷ್ಟು ತಡವಾಗಿ ಪ್ರತಿಧ್ವನಿ ಬರಬೇಕಾದರೆ ಗೋಡೆ ಸುಮಾರು 60 ಮೀಟರ್ ದೂರದಲ್ಲಿ ಇರಬೇಕು. ನಮ್ಮ ದೇವಾಲಯದ ಉದ್ದ ಅದರ ಅರ್ಧವೂ ಇಲ್ಲ. ಅಂದರೆ ಪೆಡಲ್ ಒತ್ತಿದ ಕೂಡಲೇ ಇಲ್ಲದ ಒಂದು ದೊಡ್ಡ ದೇವಾಲಯವನ್ನು ನಾವು ಕಿವಿಗಳಲ್ಲಿ ಕಟ್ಟಿಬಿಡುತ್ತೇವೆ.

"ಹಾಗಾದರೆ ಅದು ಸುಳ್ಳು ತಾನೇ?" ಎಂದರು ನಮ್ಮಲ್ಲಿ ಕೆಲವರು. ಇದು ಮೊದಲ ಆಕ್ಷೇಪ. ಇಲ್ಲದ ಗೋಡೆ, ಇಲ್ಲದ ಸ್ವರ. ದೇವರ ಮುಂದೆ ಇದೆಲ್ಲ ಕೃತಕವಲ್ಲವೇ?

ನಾವು ಸ್ವಲ್ಪ ಯೋಚಿಸಿದಾಗ ಈ ವಾದ ನಿಲ್ಲಲಿಲ್ಲ. ಹಳೆಯ ಕಲ್ಲಿನ ದೇವಾಲಯಗಳಲ್ಲಿ ಹಾಡಿದರೆ ಧ್ವನಿ ತುಂಬಿ ಬರುತ್ತದಲ್ಲ, ಅದು ಹಾಡುವವರ ಗಂಟಲಿನ ಗುಣವಲ್ಲ, ಎತ್ತರದ ಚಾವಣಿಯ ಗುಣ. ಪೆಡಲ್ ಮಾಡುವುದನ್ನೇ ಅಲ್ಲಿ ಗಾರೆಯವರು ಕಲ್ಲು ಸುಣ್ಣದಲ್ಲಿ ಮಾಡಿಟ್ಟಿದ್ದಾರೆ. ಗುರುಗಳು ಪ್ರಬೋಧನೆ ನೀಡುವ ಮೈಕೂ ಧ್ವನಿಯನ್ನು ವಿದ್ಯುತ್ತಾಗಿ ಬದಲಿಸಿಯೇ ನಮಗೆ ತಲುಪಿಸುತ್ತದೆ. ನಮ್ಮ ಹಿರಿಯರಿಗೆ ಪ್ರಿಯವಾದ ಹಾರ್ಮೋನಿಯಂ 19ನೇ ಶತಮಾನದಲ್ಲಿ ಯೂರೋಪಿನಿಂದ ಬಂದದ್ದು. ಅದು ನಮ್ಮ ಸಂಗೀತಕ್ಕೆ ಹೊಂದುವುದಿಲ್ಲವೆಂದು ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ದೂರವಿಟ್ಟಿತ್ತು. ಇಂದು ಹಾರ್ಮೋನಿಯಂ ಇಲ್ಲದ ಕನ್ನಡ ಗಾನವೃಂದವನ್ನು ಊಹಿಸುವುದೇ ಕಷ್ಟ. ಇನ್ನು ಕಾಲಿನಲ್ಲಿ ತುಳಿಯುವ ವಿಷಯಕ್ಕೆ ಬಂದರೆ, ಹಳೆಯ ಕಾಲು ಹಾರ್ಮೋನಿಯಂಗೂ ಎರಡು ಪೆಡಲ್‌ಗಳಿದ್ದವು! ಪಾಶ್ಚಾತ್ಯ ವಾದ್ಯವಾದ ಸ್ಯಾಕ್ಸೊಫೋನಿನಲ್ಲಿ ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತ ನುಡಿಸಿದ್ದನ್ನು ನಮ್ಮ ಮನೆಗಳಲ್ಲೂ ಕೇಳಿದ್ದೇವೆ. ಇದು ಹೊರಗಿನದು ಎಂದು ಯಾರೂ ಕಿವಿ ಮುಚ್ಚಲಿಲ್ಲ.

ಗಿಟಾರಿನ ಒಡಕು ಧ್ವನಿಯ ಹುಟ್ಟೂ ನಮಗೆ ಒಂದು ಪಾಠವಾಯಿತು. 1961ರಲ್ಲಿ ಅಮೆರಿಕದ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಹಾಡು ಹೊರಬಂತು. ಅದರ ಧ್ವನಿಮುದ್ರಣದ ವೇಳೆ ಸಲಕರಣೆ ಕೆಟ್ಟು ಗ್ರೇಡಿ ಮಾರ್ಟಿನ್ ಅವರ ಬಾಸ್ ಗಿಟಾರ್ ಧ್ವನಿ ಒಡೆದು ಹೋಯಿತು. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. ಜನ ಆ ಧ್ವನಿಯನ್ನು ಮೆಚ್ಚಿದರು. 1962ರಲ್ಲಿ ಅದೇ ಒಡಕನ್ನು ಬೇಕೆಂದೇ ಕೊಡುವ ಮೇಸ್ಟ್ರೋ ಫಜ್ ಟೋನ್ ಎಂಬ ಪೆಡಲ್ ಮಾರುಕಟ್ಟೆಗೆ ಬಂತು. ಕೆಟ್ಟದ್ದೆಂದು ಎಸೆಯಬೇಕಾದದ್ದೇ ಒಂದು ಸಂಗೀತ ಪರಂಪರೆಯ ಮೂಲೆಗಲ್ಲಾಯಿತು. ಆದ್ದರಿಂದ ಧ್ವನಿ ಶುದ್ಧವೇ, ಒಡಕೇ ಎಂಬುದರಲ್ಲಿ ಪಾಪ ಪುಣ್ಯ ಇಲ್ಲ. ಕೃತಕ ಎಂಬ ಒಂದೇ ಕಾರಣಕ್ಕೆ ಪೆಡಲನ್ನು ಬಿಡಬೇಕಾದರೆ ಮೈಕನ್ನೂ ಹಾರ್ಮೋನಿಯಮ್ಮನ್ನೂ ಬಿಡಬೇಕಾಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಪರಮಪ್ರಸಾದ ಸ್ವೀಕರಿಸಿ ಬಂದವರ ಕಣ್ಣು ತೇವವಾದರೆ, ಅದು ಪ್ರಭುವಿನ ಸಾನ್ನಿಧ್ಯಕ್ಕೋ, ಡಿಲೇ ಪೆಡಲ್ಲಿಗೋ? ಗುಬ್ಬಿ ತಿರುಗಿಸಿದಂತೆ ಭಕ್ತಿಯನ್ನು ಏರಿಸಲು ಇಳಿಸಲು ನಮಗೆ ಹಕ್ಕಿದೆಯೇ?

ಈ ಅಳುಕು ನಮಗಿಂತ ಮುಂಚೆ ಸಂತ ಅಗಸ್ಟೀನರಿಗೇ ಇತ್ತು. ಅವರು ತಮ್ಮ 'ಕನ್ಫೆಷನ್ಸ್' ಗ್ರಂಥದ ಹತ್ತನೆಯ ಭಾಗದಲ್ಲಿ ಇದನ್ನು ದೇವರ ಮುಂದೆ ತೋಡಿಕೊಂಡಿದ್ದಾರೆ. ಹಾಡಿನ ಅರ್ಥಕ್ಕಿಂತ ಹಾಡುವ ಇಂಪೇ ತಮ್ಮನ್ನು ಹೆಚ್ಚು ಸೆಳೆದಾಗ ತಾವು ತಪ್ಪು ಮಾಡಿದಂತೆ ಎನ್ನುತ್ತಾರೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ತಾವು ವಿಶ್ವಾಸಕ್ಕೆ ಮರಳಿದ ದಿನಗಳಲ್ಲಿ ಧರ್ಮಸಭೆಯ ಹಾಡು ಕೇಳಿ ಸುರಿಸಿದ ಕಣ್ಣೀರನ್ನೂ ನೆನೆಯುತ್ತಾರೆ. ಕೊನೆಗೆ, ದುರ್ಬಲ ಮನಸ್ಸುಗಳು ಕಿವಿಯ ಸುಖದ ಮೂಲಕವಾದರೂ ಭಕ್ತಿಗೆ ಏರಲಿ ಎಂದು ಹಾಡನ್ನು ಒಪ್ಪುವ ಕಡೆಗೇ ವಾಲುತ್ತಾರೆ. ಅಷ್ಟು ದೊಡ್ಡ ಜ್ಞಾನಿಯೇ ಎರಡೂ ಕಡೆ ತೂಗಾಡಿದರು ಎಂಬುದು ನಮಗೆ ಸಮಾಧಾನ ಕೊಟ್ಟಿತು.

ನಮ್ಮ ಗಿಟಾರ್ ನುಡಿಸುವ ತಮ್ಮನ ಮಾತನ್ನೂ ಇಲ್ಲಿ ಹೇಳಬೇಕು. ಕಾರ್ಖಾನೆಯಲ್ಲಿ ಪಾಳಿ ಕೆಲಸ. ರಾತ್ರಿ ಪಾಳಿ ಮುಗಿಸಿ ನಿದ್ದೆಯಿಲ್ಲದೆ ಪೂಜೆಗೆ ಬಂದ ದಿನಗಳಿವೆ. ಚರ್ಚೆಯಲ್ಲಿ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನನಗೆ ಜಪ ಹೇಳೋಕೆ ಸರಿಯಾಗಿ ಬರಲ್ಲ ಅಣ್ಣ. ಆ ಸೌಂಡ್ ಬಂದಾಗ ಮಾತ್ರ ದೇವರ ಜೊತೆ ಮಾತಾಡ್ತಿದೀನಿ ಅನ್ಸುತ್ತೆ" ಎಂದ. ಅವನ ಪ್ರಾರ್ಥನೆಯನ್ನು ಯಂತ್ರದ್ದು ಎಂದು ಹೇಳಲು ನಾವು ಯಾರು? ಭಾವನೆ ದೇವರೇ ಕೊಟ್ಟದ್ದು. ಧೂಪದ ಪರಿಮಳ, ಮೇಣದ ಬತ್ತಿಯ ಬೆಳಕು, ಪಾಸ್ಖ ಜಾಗರಣೆಯ ಕತ್ತಲೆ, ಇವೆಲ್ಲವೂ ಇಂದ್ರಿಯಗಳ ಮೂಲಕವೇ ಮನಸ್ಸನ್ನು ತಟ್ಟುತ್ತವೆ. ಭಾವನೆ ಎಲ್ಲಿಂದ ಹುಟ್ಟಿತು ಎಂಬುದಕ್ಕಿಂತ, ಅದು ನಮ್ಮನ್ನು ಎಲ್ಲಿಗೆ ಕೊಂಡೊಯ್ಯಿತು ಎಂದು ಕೇಳುವುದೇ ಸರಿ ಎನಿಸಿತು. ರೋಮಾಂಚನ ಮುಗಿದ ಮೇಲೆ ನಾವು ಮೆಚ್ಚುಗೆಗಾಗಿ ಸುತ್ತ ನೋಡಿದೆವೋ, ಪ್ರಭುವಿನ ಕಡೆ ತಿರುಗಿದೆವೋ? ಆ ಮೊದಲ ಭಾನುವಾರ ನಾವು ಸುತ್ತ ನೋಡಿದ್ದೆವು. ಒಪ್ಪಿಕೊಳ್ಳುತ್ತೇವೆ.

ಮೂರನೆಯ ಪ್ರಶ್ನೆ ಬಂದದ್ದು ಅಜ್ಜಿಯ ಮಾತಿನಿಂದ. ಅವರು ಧ್ವನಿ ಕೃತಕ ಎಂದು ಹೇಳಲಿಲ್ಲ. ನಿಮ್ಮ ಭಕ್ತಿ ಸುಳ್ಳು ಎಂದೂ ಹೇಳಲಿಲ್ಲ. ತಾವು ಹಾಡಬೇಕೋ ಬೇಡವೋ ತಿಳಿಯಲಿಲ್ಲ ಎಂದರು. ಇದನ್ನು ಪರೀಕ್ಷಿಸಲು ಒಂದು ಸಂಜೆ ನಾವು ಖಾಲಿ ದೇವಾಲಯದ ಕೊನೆಯ ಬೆಂಚಿನಲ್ಲಿ ಕೂತು, ಅದೇ ಗೀತೆಯನ್ನು ಪೆಡಲ್ ಸಹಿತ ಒಮ್ಮೆ, ಪೆಡಲ್ ಇಲ್ಲದೆ ಒಮ್ಮೆ ಹಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಪೆಡಲ್ ಇದ್ದಾಗ ರಾಗ ಕೇಳಿಸಿತು, ಪದ ಕೇಳಿಸಲಿಲ್ಲ.

ಇದಕ್ಕೆ ಕಾರಣವಿದೆ. ಮಾತಿನಲ್ಲಿ ಪದಗಳನ್ನು ಬಿಡಿಬಿಡಿಯಾಗಿ ತಿಳಿಸುವುದು ಹೆಚ್ಚಾಗಿ ವ್ಯಂಜನಗಳು. ತ, ಸ, ಕ, ಚ ಮುಂತಾದವನ್ನು ಗುರುತಿಸಲು ಬೇಕಾದ ಶಬ್ದದ ಮುಖ್ಯ ಭಾಗ 2,000 ಹರ್ಟ್ಸ್‌ನಿಂದ ಮೇಲಿರುತ್ತದೆ. ಓವರ್‌ಡ್ರೈವ್ ಹುಟ್ಟಿಸುವ ಮೇಲುಸ್ವರಗಳೂ ಅಲ್ಲಿಯೇ ಬಂದು ಕೂರುತ್ತವೆ. ಡಿಲೇಯ ಪ್ರತಿಧ್ವನಿ ಪದ ಪದದ ನಡುವಿನ ಜಾಗವನ್ನು ತುಂಬುತ್ತದೆ. ವಯಸ್ಸಾದಂತೆ ಮನುಷ್ಯರು ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ಶಬ್ದಗಳನ್ನೇ. ಅಂದರೆ ನಾವು ಪೆಡಲ್ ಒತ್ತಿದಾಗ ಮೊದಲು ಹಾಡಿನಿಂದ ಹೊರಗೆ ಬೀಳುವವರು ನಮ್ಮ ಅಜ್ಜ ಅಜ್ಜಿಯರು. ನಮಗೆ ಅದು ಗೊತ್ತೇ ಆಗುವುದಿಲ್ಲ, ಏಕೆಂದರೆ ನಮ್ಮ ಕಿವಿಗಳು ಇನ್ನೂ ಚುರುಕಾಗಿವೆ. ಮೇಲಾಗಿ ನಾವು ಆಂಪ್ಲಿಫೈಯರ್ ಹಿಂದೆ ನಿಂತಿರುತ್ತೇವೆ.

ನಮ್ಮಂಥ ಕಡೆ ಇದು ಸಣ್ಣ ನಷ್ಟವಲ್ಲ. ಶಾಲೆಯಲ್ಲಿ, ಕಚೇರಿಯಲ್ಲಿ, ಬಸ್ಸಿನ ಬೋರ್ಡಿನಲ್ಲಿ ನಮ್ಮ ಭಾಷೆ ಕಾಣುವುದು ಅಪರೂಪ. ಅನೇಕ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಅವರು ಕನ್ನಡದ ಜಪಗಳನ್ನು, ಗೀತೆಗಳನ್ನು ಕಲಿಯುವುದು ಪಕ್ಕದಲ್ಲಿ ನಿಂತ ಅಜ್ಜಿಯ ಬಾಯಿಂದ. ಆ ಬಾಯಿ ಸುಮ್ಮನಾದರೆ ಮಗು ಯಾರಿಂದ ಕಲಿಯಬೇಕು? ಯುವಜನರನ್ನು ಕನ್ನಡ ಪೂಜೆಗೆ ತರಬೇಕೆಂದು ತಂದ ಪೆಡಲ್, ಕನ್ನಡವನ್ನು ಉಳಿಸಿಕೊಂಡು ಬಂದವರ ಬಾಯನ್ನೇ ಮುಚ್ಚಿದರೆ ನಾವು ಗಳಿಸಿದ್ದೇನು? ಆ ಪೆಡಲ್ ಕೊಂಡದ್ದೂ ಅವರ ಮನೆ ಬಾಗಿಲಲ್ಲಿ ಕ್ಯಾರಲ್ ಹಾಡಿದಾಗ ಅವರು ಕೊಟ್ಟ ಹಣದಿಂದಲೇ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇವೆ. ಓವರ್‌ಡ್ರೈವ್ ಹಾಕಿದರೆ ಮೆಲ್ಲಗೆ ಮೀಟಿದ ಸ್ವರವೂ ಜೋರಾಗಿ ಮೀಟಿದ ಸ್ವರವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೇಳಿಸುತ್ತವೆ. ಡಿಲೇ ಹಾಕಿದರೆ ತಾಳ ತಪ್ಪಿದ ಬೆರಳು ಪ್ರತಿಧ್ವನಿಯಲ್ಲಿ ಮುಚ್ಚಿಹೋಗುತ್ತದೆ. ಅಭ್ಯಾಸಕ್ಕೆ ಸರಿಯಾಗಿ ಬಾರದ ವಾರಗಳಲ್ಲಿ ನಾವು ಪೆಡಲನ್ನು ಹೆಚ್ಚು ತುಳಿದಿದ್ದೇವೆ. ಒಂದು ಗಿಟಾರನ್ನು ಹಲವು ಗಿಟಾರ್‌ಗಳಂತೆ ಕೇಳಿಸುವ ಪೆಡಲ್ಲೂ ಇದೆ. ಅದರ ಹೆಸರೇ ಕೋರಸ್. ಹಾಡುವವರು ಕಡಿಮೆಯಾದಾಗ ಅದನ್ನೂ ಕೊಳ್ಳೋಣ ಎಂದು ಯೋಚಿಸಿದ್ದೆವು. ಆಮೇಲೆ ನಮಗೇ ನಾಚಿಕೆಯಾಯಿತು. ನಮಗೆ ಬೇಕಿದ್ದದ್ದು ಇನ್ನೂ ನಾಲ್ಕು ಜನ ಹಾಡುವವರು. ನಾಲ್ಕು ಜನರಿದ್ದಂತೆ ಕೇಳಿಸುವ ಪೆಟ್ಟಿಗೆಯಲ್ಲ.

ಆದಿಕಾಂಡದಲ್ಲಿ ಯಕೋಬ ಆಡಿನ ಮರಿಯ ಚರ್ಮವನ್ನು ಕೈಗೆ ಸುತ್ತಿಕೊಂಡು ತಂದೆ ಇಸಾಕನ ಬಳಿ ಹೋದ ಕಥೆ ನಮಗೆಲ್ಲ ಗೊತ್ತು. ಕಣ್ಣು ಮಬ್ಬಾದ ಮುದುಕ ಕೈ ಮುಟ್ಟಿ ಏಸಾವನೆಂದು ನಂಬಿದ, ಆದರೆ ಧ್ವನಿ ಕೇಳಿ ಅನುಮಾನಪಟ್ಟ. ಯಕೋಬನ ತಪ್ಪು ಚರ್ಮದಲ್ಲಿ ಇರಲಿಲ್ಲ. ವಯಸ್ಸಾದ ತಂದೆಯ ದೌರ್ಬಲ್ಯವನ್ನು ತನ್ನ ಲಾಭಕ್ಕೆ ಬಳಸಿಕೊಂಡದ್ದರಲ್ಲಿ ಇತ್ತು. ಪೆಡಲ್ಲಿನ ವಿಷಯದಲ್ಲೂ ನಮಗೆ ಕಂಡದ್ದು ಇದೇ. ಧ್ವನಿಯನ್ನು ಬದಲಿಸುವುದು ತಪ್ಪಲ್ಲ. ನಮ್ಮ ಕೊರತೆಯನ್ನು ಮುಚ್ಚಿಕೊಳ್ಳಲು, ಇನ್ನೊಬ್ಬರ ಪಾಲನ್ನು ಕಿತ್ತುಕೊಳ್ಳಲು ಅದನ್ನು ಬಳಸುವುದು ತಪ್ಪು.

ಧರ್ಮಸಭೆ ಏನು ಹೇಳುತ್ತದೆ ಎಂದು ಗುರುಗಳನ್ನು ಕೇಳಿದೆವು. ಅವರು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನವನ್ನು ಓದಲು ಕೊಟ್ಟರು. ಅದರ 120ನೆಯ ವಿಭಾಗ ಪೈಪ್ ಆರ್ಗನ್‌ಗೆ ವಿಶೇಷ ಗೌರವ ಕೊಡುತ್ತದೆ. ಬೇರೆ ವಾದ್ಯಗಳಿಗೂ ಬಾಗಿಲು ತೆರೆದಿಡುತ್ತದೆ. ಅಲ್ಲಿನ ಷರತ್ತುಗಳು ಇಷ್ಟು: ಅಧಿಕಾರವುಳ್ಳವರ ಒಪ್ಪಿಗೆ ಇರಬೇಕು, ವಾದ್ಯ ಪವಿತ್ರ ಬಳಕೆಗೆ ತಕ್ಕದಾಗಿರಬೇಕು, ದೇವಾಲಯದ ಘನತೆಗೆ ಒಪ್ಪಬೇಕು, ಭಕ್ತಜನರ ಆತ್ಮೋನ್ನತಿಗೆ ನಿಜವಾಗಿ ನೆರವಾಗಬೇಕು. ಪೆಡಲ್ ಎಂಬ ಪದ ಅಲ್ಲಿಲ್ಲ. ಆದರೆ ಕೊನೆಯ ಷರತ್ತು ನೇರವಾಗಿ ನಮಗೇ ಹೇಳಿದಂತಿತ್ತು. ನೆರವಾಗಬೇಕಾದದ್ದು ಭಕ್ತಜನರಿಗೆ, ಬರೀ ಗಾನವೃಂದಕ್ಕಲ್ಲ.

ಸಂತ ಪೌಲರೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ ವಾದ್ಯಗಳ ಉದಾಹರಣೆಯನ್ನೇ ಕೊಡುತ್ತಾರೆ. ಸ್ವರಗಳು ಸ್ಪಷ್ಟವಾಗದಿದ್ದರೆ ಏನು ನುಡಿಸುತ್ತಿದ್ದಾರೆಂದು ತಿಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ನಮ್ಮ ಪ್ರಾರ್ಥನೆ ಅರ್ಥವಾಗದವನು ಅದಕ್ಕೆ 'ಆಮೆನ್' ಎನ್ನುವುದು ಹೇಗೆ ಎಂದೂ ಕೇಳುತ್ತಾರೆ. ಅವರು ಮಾತನಾಡುತ್ತಿರುವುದು ಬೇರೆ ಭಾಷೆಗಳಲ್ಲಿ ಪ್ರಾರ್ಥಿಸುವ ವರದ ಬಗ್ಗೆ. ಆದರೂ ನಾವು ಇದನ್ನೇ ನಮ್ಮ ಅಳತೆಗೋಲು ಮಾಡಿಕೊಂಡೆವು. ಕೊನೆಯ ಬೆಂಚಿನವರು 'ಆಮೆನ್' ಹೇಳಬಲ್ಲರೇ? ಹೇಳಬಲ್ಲರಾದರೆ ಪೆಡಲ್ ಇರಲಿ. ಇಲ್ಲವಾದರೆ ಕಾಲು ತೆಗೆಯೋಣ.

ಅಷ್ಟರಲ್ಲಿ ತಪಸ್ಸುಕಾಲ ಬಂತು. ಆ ದಿನಗಳಲ್ಲಿ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು ಎಂಬುದು ಧರ್ಮಸಭೆಯ ನಿಯಮ. ನಾಲ್ಕನೆಯ ಭಾನುವಾರಕ್ಕೂ ಮಹೋತ್ಸವಗಳಿಗೂ ಹಬ್ಬಗಳಿಗೂ ಮಾತ್ರ ವಿನಾಯಿತಿ. ನಾವು ಪೆಡಲ್‌ಗಳನ್ನು ಚೀಲದಲ್ಲಿಟ್ಟೆವು. ಗಿಟಾರ್ ಸಣ್ಣ ಧ್ವನಿಯಲ್ಲಿ ಶ್ರುತಿ ಹಿಡಿಯಲು ಮಾತ್ರ. ಮೊದಲ ವಾರ ನಮಗೆ ಬಟ್ಟೆಯಿಲ್ಲದೆ ನಿಂತಂತೆ ಅನಿಸಿತು. ಪ್ರತಿ ತಪ್ಪೂ ಕೇಳುತ್ತಿತ್ತು. ಎರಡನೆಯ ವಾರದಿಂದ ಅಭ್ಯಾಸಕ್ಕೆ ಎಲ್ಲರೂ ಸರಿಯಾದ ಹೊತ್ತಿಗೆ ಬಂದರು. ಮೂರನೆಯ ವಾರ ಹಿಂದಿನ ಬೆಂಚುಗಳಿಂದ ಧ್ವನಿ ಎದ್ದಿತು. ಅಜ್ಜಿ ನಮಗಿಂತ ಅರ್ಧ ತಾಳ ನಿಧಾನ. ಅವರ ಹಿಂದೆ ಉಳಿದವರು. ನಾವು ಅವರಿಗಾಗಿ ನಿಧಾನಿಸಿದೆವು.

ಆದರೆ ನಮ್ಮ ತಮ್ಮ ಎರಡು ಭಾನುವಾರ ಬರಲಿಲ್ಲ. ಮನೆಗೆ ಹೋಗಿ ಕೇಳಿದರೆ, "ನನ್ನಿಂದ ಏನು ಕೆಲಸ ಇದೆ ಅಲ್ಲಿ?" ಎಂದ. ಈ ಮಾತಿಗೆ ನಮ್ಮಲ್ಲಿ ಸಿದ್ಧ ಉತ್ತರ ಇರಲಿಲ್ಲ. ಹಿರಿಯರ ಬಾಯಿ ತೆರೆಯಲು ಹೋಗಿ ಒಬ್ಬ ಯುವಕನ ಪ್ರಾರ್ಥನೆಯನ್ನು ನಾವು ಮುಚ್ಚಿದ್ದೆವು. ಇದೂ ಅನ್ಯಾಯವೇ. ಒಬ್ಬರಿಗೆ ನ್ಯಾಯ ಮಾಡಲು ಇನ್ನೊಬ್ಬರನ್ನು ಮರೆತರೆ ಅದು ಪೂರ್ಣ ನ್ಯಾಯವಲ್ಲ. ಮುಂದಿನ ಭಾನುವಾರ ಗಿಟಾರ್ ಇಲ್ಲದೆ ನಮ್ಮ ಜೊತೆ ಕೊನೆಯ ಬೆಂಚಿನಲ್ಲಿ ಬಂದು ಕೂರು ಎಂದಷ್ಟೇ ಕೇಳಿಕೊಂಡೆವು. ಬಂದ. ಅಜ್ಜಿಯ ಪಕ್ಕದಲ್ಲಿ ಕೂತ. ಪೂಜೆ ಮುಗಿದ ಮೇಲೆ ಪೆಡಲ್ ಎಲ್ಲಿ ಹಾಕಬೇಕು, ಎಲ್ಲಿ ಬೇಡ ಎಂದು ಅವನೇ ಹೇಳತೊಡಗಿದ.

ಪಾಸ್ಖ ಹಬ್ಬದಿಂದ ನಾವು ಅವನು ಹೇಳಿದಂತೆ ನಡೆಯುತ್ತಿದ್ದೇವೆ. ಜನ ಹಾಡುವಾಗ ಶುದ್ಧ ಧ್ವನಿ. ಚರಣಗಳ ನಡುವೆ ಯಾರೂ ಹಾಡದ ಜಾಗದಲ್ಲಿ ಸಣ್ಣಗೆ ಡಿಲೇ. ಪರಮಪ್ರಸಾದದ ನಂತರದ ಮೌನದಲ್ಲಿ ಏನೂ ಇಲ್ಲ. ಯುವಜನರ ಸಂಜೆಯ ಸ್ತುತಿ ಆರಾಧನೆಯಲ್ಲಿ ಅವನು ತನ್ನ ಮನಸ್ಸಿಗೆ ಬಂದಂತೆ ನುಡಿಸುತ್ತಾನೆ. ಓವರ್‌ಡ್ರೈವ್‌ಗೂ ಅಲ್ಲಿ ಜಾಗವಿದೆ. ಇದೇ ಅಂತಿಮ ತೀರ್ಮಾನ ಎಂದು ನಾವು ಹೇಳುವುದಿಲ್ಲ. ಬೇರೆ ಧರ್ಮಕೇಂದ್ರದಲ್ಲಿ ಬೇರೆ ದಾರಿ ಸರಿಯಿರಬಹುದು.

ಪೆಡಲ್ಲಿನ ಒಂದು ಗುಣ ನಮಗೆ ಈಗ ಹೆಚ್ಚು ಇಷ್ಟ. ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. ಆಫ್ ಮಾಡಿದಾಗ ಗಿಟಾರಿನ ಸ್ವಂತ ಧ್ವನಿ ಆ ಪೆಟ್ಟಿಗೆಯನ್ನು ದಾಟಿಕೊಂಡು ಹಾಗೆಯೇ ಹೋಗುತ್ತದೆ. ನಮ್ಮ ಬದುಕಿನಲ್ಲೂ ಇಂಥ ಪೆಟ್ಟಿಗೆಗಳು ಎಷ್ಟೋ ಇವೆ: ಫೋಟೋಗೆ ಹಾಕುವ ಫಿಲ್ಟರ್, ನಾಲ್ಕು ಜನರ ಮುಂದೆ ದೊಡ್ಡದು ಮಾಡಿ ಹೇಳುವ ನಮ್ಮ ಸಾಧನೆ, ದೇವಾಲಯದೊಳಗೆ ಮಾತ್ರ ಬರುವ ಮೃದು ದನಿ. ಎಲ್ಲವೂ ಪಾಪವಲ್ಲ. ಬೇಕೆಂದಾಗ ಆಫ್ ಮಾಡಲು ಬರುತ್ತದೆಯೇ, ಆಫ್ ಮಾಡಿದಾಗ ಒಳಗೆ ನಮ್ಮದೇ ಆದ ಒಂದು ಸ್ವರ ಉಳಿದಿದೆಯೇ ಎಂದು ಆಗಾಗ ಕೇಳಿಕೊಳ್ಳುವುದು ಒಳ್ಳೆಯದು.

ಶನಿವಾರ ಸಂಜೆ ಗಾನವೃಂದದ ಅಭ್ಯಾಸವಿದೆ. ಹಾಡಲು ಬರುವವರೂ ಬಾರದವರೂ ಬನ್ನಿ. ಹಿರಿಯರು ಬಂದು ನಾವು ಮರೆತ ಹಳೆಯ ಗೀತೆಗಳನ್ನು ಹೇಳಿಕೊಡಿ. ಸದ್ದು ಹೆಚ್ಚಾದರೆ ಕೊನೆಯ ಬೆಂಚಿನಿಂದ ಕೈ ಎತ್ತಿ, ಸಾಕು. ನಾವು ಕಾಲು ತೆಗೆಯುತ್ತೇವೆ. ನಮ್ಮ ಎಲ್ಲರ ಸ್ವರವನ್ನೂ, ಒಡಕಿದ್ದರೆ ಒಡಕಿನ ಸಮೇತ, ಪ್ರಭು ಸ್ವೀಕರಿಸಲಿ.